ಊಟಕ್ಕೆ ಮುಂಚೆ ಬರೆದ ಷರಾ

ಪ್ಲೇನೊ, ಶುಕ್ರವಾರ

ವೆಂಕಟಗಿರಿ ಅಂಕಲ್ ಅವರಿಗೆ ನಮಸ್ಕಾರ.

ಆಫೀಸಿನಲ್ಲಿ ನೀವು ನನ್ನ ಡೈರೆಕ್ಟರ್, ಕನ್ನಡ ಸಂಘದಲ್ಲಿ ಅಂಕಲ್. ಡೈರೆಕ್ಟರಿಗೆ ಬರೆದರೆ ಅದು ದೂರು ಎನಿಸಿಕೊಳ್ಳುತ್ತದೆ, ಅದಕ್ಕೇ ಅಂಕಲ್‌ಗೆ ಬರೆಯುತ್ತಿದ್ದೇನೆ.

ನಮ್ಮ ನಲವತ್ತು ಜನರ ತಂಡದಲ್ಲಿ ಕಪ್ಪುವರ್ಣೀಯರು ಒಬ್ಬರೂ ಇಲ್ಲ, ಅಂಥವರನ್ನೂ ಸಂದರ್ಶನಕ್ಕೆ ಕರೆಯಿರಿ ಎಂದು ಕಂಪನಿ ಹೇಳಿತ್ತು. ಹಾಗೆ ಕರೆದಾಗ ಕಮಿಲ್ ಬ್ರೂಸಾರ್ಡ್ ಹ್ಯೂಸ್ಟನ್‌ನಿಂದ ನಾಲ್ಕು ಗಂಟೆ ಡ್ರೈವ್ ಮಾಡಿ ಬಂದರು. ಕೋಡಿಂಗ್ ಸುತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದರು. ಆಮೇಲೆ ವಾಡಿಕೆಯಂತೆ ತಂಡದ ಜೊತೆ ಊಟ. ಅಲ್ಲಿ ನಾವು ಏಳು ಮಂದಿ ಮುಕ್ಕಾಲು ಗಂಟೆ ಮೆಕಿನ್ನಿಯ ಹೊಸ ಮನೆಗಳ ಬಗ್ಗೆ ಕನ್ನಡದಲ್ಲೇ ಹರಟಿದೆವು. ಆಕೆಗೆ ಮಾತಿಗೆ ಸಿಕ್ಕಿದ್ದು ಸಾಂಬಾರ್ ಮಾತ್ರ. ಹೊರಗೆ ಬಂದು ನೀವು, "ಹುಡುಗಿ ಚುರುಕು ಕಣಮ್ಮ, ಆದ್ರೆ ನಮ್ಮೋರ ಜೊತೆ ಬೆರೆಯಲ್ಲ" ಅಂದಿರಿ.

ಆಕೆಯ ಸಂದರ್ಶನದ ಫಾರ್ಮಿನಲ್ಲೂ ನೀವು ಬರೆದ ಅದೇ ಷರಾ ಇದೆ. ಆದರೆ ಅದನ್ನು ಸೇವ್ ಮಾಡಿದ್ದು ಹನ್ನೊಂದೂವರೆಗೆ, ನಾವು ಊಟಕ್ಕೆ ಕೂತಿದ್ದು ಹನ್ನೆರಡೂವರೆಗೆ. ಜ್ಯೋತಿಷ್ಯ ಯಾವಾಗ ಕಲಿತಿರಿ ಅಂಕಲ್? ಹೋದ ವರ್ಷ ಆಸ್ಟಿನ್‌ನಿಂದ ಬಂದಿದ್ದ ಕಪ್ಪುವರ್ಣೀಯ ಅಭ್ಯರ್ಥಿಯ ಫಾರ್ಮನ್ನೂ ತೆಗೆದು ನೋಡಿದೆ. ಷರಾದಲ್ಲಿ ಒಂದಕ್ಷರವೂ ಬದಲಾಗಿಲ್ಲ.

ಕಮಿಲ್ ಫಾರ್ಮಿಗೆ ನನ್ನ ಸಹಿಯೂ ಬೇಕು. ನಾನು ಹಾಕಿಲ್ಲ. ಸೋಮವಾರದೊಳಗೆ ಷರಾ ತೆಗೆದುಬಿಡಿ, ಇಲ್ಲವಾದರೆ ಎರಡೂ ಫಾರ್ಮ್‌ಗಳನ್ನು ಎಚ್.ಆರ್.ಗೆ ಕಳಿಸುತ್ತೇನೆ.

ಹೊರಡುವಾಗ ಕಮಿಲ್, ಊಟದಲ್ಲಿ ಅಷ್ಟು ಹೊತ್ತು ಏನು ಮಾತಾಡುತ್ತಿದ್ದಿರಿ ಎಂದು ನನ್ನನ್ನು ಕೇಳಿದರು. ಕೆಲಸದ ವಿಷಯ ಎಂದುಬಿಟ್ಟೆ. ಆ ಸುಳ್ಳು ನನ್ನದು, ಇವತ್ತೇ ಫೋನ್ ಮಾಡಿ ತಿದ್ದಿಕೊಳ್ಳುತ್ತೇನೆ. ನಿಮ್ಮದನ್ನು ನೀವು ತಿದ್ದಿಕೊಳ್ಳಿ.

ರಮಾ ಆಂಟಿಗೆ ನನ್ನ ನಮಸ್ಕಾರ ಹೇಳಿ.

ಅಪೇಕ್ಷಾ