ಅಳೆಯದೆ ಬಿಟ್ಟ ಗಾಳಿ

ಮಾರ್ಚ್ ೧೨, ಗುರುವಾರ

ಒತ್ತಡ ಅಳೆಯುವ ಮೀಟರ್ ಡ್ರಾಯರ್‌ನಲ್ಲೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಸರ್ಜನ್ ಆಗಲೇ ಕೈ ತೊಳೆದು ನಿಂತಿದ್ದರು. ಟೈಲರ್ ಹೆಂಗಸೊಬ್ಬಳಿಗೆ ಅರಿವಳಿಕೆ ಕೊಟ್ಟು, ಉಸಿರಾಟದ ಟ್ಯೂಬನ್ನು ಗಂಟಲಿಗಿಳಿಸಿ, ಅದರ ತುದಿಯ ಬಲೂನಿಗೆ ಗಾಳಿ ತುಂಬಿದೆ. ಒತ್ತಡ ಹೆಚ್ಚಾದರೆ ಗಂಟಲಿಗೆ ಪೆಟ್ಟು; ಅಳೆಯಬೇಕಿತ್ತು. ಅದಕ್ಕೆ ಸೇರಿಕೊಂಡು ಬಾಯಿಯ ಹೊರಗಿರುವ ಪುಟ್ಟ ಬಲೂನನ್ನು ಬೆರಳಲ್ಲಿ ಒತ್ತಿ ನೋಡಿ, ಸಾಕು ಅಂದುಕೊಂಡೆ. ಇಷ್ಟು ವರ್ಷ ಪಳಗಿದ ಕೈ ಅನ್ನುವ ಜಂಬ.

ಸಂಜೆ ವಾರ್ಡಿಗೆ ಹೋದರೆ ಆ ಟೈಲರ್ ಹೆಂಗಸಿಗೆ ದನಿಯೇ ಹೊರಡುತ್ತಿಲ್ಲ. ಎಂಜಲು ನುಂಗಿದರೂ ಮುಖ ಕಿವುಚುತ್ತಾಳೆ. ಪಕ್ಕದಲ್ಲಿ ಅವಳ ತಾಯಿ. ಅವರಿಗೆ ಕಿವಿ ಮಂದ. ಮಗಳ ಪಿಸುಮಾತು ಕೇಳಿಸದೆ ನನ್ನತ್ತ ತಿರುಗಿದರು.

"ಹೊಟ್ಟೆ ಆಪರೇಷನ್ ಅಂದ್ರಿ. ಮಾತು ಯಾಕಮ್ಮ ಹೋಯ್ತು?"

"ಟ್ಯೂಬ್ ಹಾಕಿದ್ರೆ ಹೀಗಾಗೋದು ಸಾಮಾನ್ಯ. ಎರಡು ದಿನದಲ್ಲಿ ಸರಿಹೋಗುತ್ತೆ" ಅಂದೆ. ಕೇಳಿಸಲಿಲ್ಲ. ಇನ್ನೂ ಜೋರಾಗಿ ಅಂದೆ. ಕೊನೆಗೆ ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ. ದಿನಾ ಮೆಲ್ಲಗೆ ಹೇಳಿ ಜಾರಿಕೊಳ್ಳುವ ಮಾತು, ಕೂಗಿದಾಗ ನನಗೇ ಸುಳ್ಳಿನ ಹಾಗೆ ಕೇಳಿಸಿತು.

ಒತ್ತಡವೇ ಕಾರಣ ಅಂತ ಖಾತ್ರಿಯೇನಿಲ್ಲ. ಅಳೆದಿದ್ದರೆ ತಾನೇ ಖಾತ್ರಿ.

ಆ ತಾಯಿ ತಲೆಯಾಡಿಸಿದರು. ಸಿಟ್ಟಿಲ್ಲದೆ, "ಆಗದ ಹಾಗೆ ನೋಡ್ಕೊಳ್ಳೋಕೆ ಬರಲ್ವಾ?" ಅಂದರು.

ಎಷ್ಟೋ ಸಲ ನೋಡಿಕೊಳ್ಳೋಕೆ ಬರುತ್ತೆ. ಅಷ್ಟು ಹೇಳಲು ನನಗೂ ದನಿ ಹೊರಡಲಿಲ್ಲ. ನಾನೇನೋ ಹೇಳಿದೆ, ತನಗೇ ಕೇಳಿಸಲಿಲ್ಲ ಅಂದುಕೊಂಡು, ಅವರು ಕಿವಿಗೆ ಕೈ ಹಿಡಿದು ಇನ್ನಷ್ಟು ಹತ್ತಿರ ಬಗ್ಗಿದರು.