ದೊರೆಯ ಕೊನೆಯ ಮಾತು

ನವೆಂಬರ್ ೯, ರವಿವಾರ

ಇವತ್ತೂ ತಾಲೀಮಿಗೆ ತಡ. ಮನೆಯ ಕೀಲಿಕೈ ಸಿಗಲಿಲ್ಲ. ಹುಡುಕಿ ಸಾಕಾಗಿ ಕೊನೆಗೆ ನೋಡಿದರೆ ಇವರ ಬೂಟಿನೊಳಗಿತ್ತು. ಹದಿನಾರನೇ ಲೂಯಿಗೆ ಕೀಲಿ ಮಾಡುವ ಹುಚ್ಚು. ಫ್ರಾನ್ಸಿನ ರಾಜನಾಗಿ ಅರ ಹಿಡಿದು ಉಜ್ಜುತ್ತ ಕೂರುತ್ತಿದ್ದ. ನಮ್ಮ ಮನೆಯ ಲೂಯಿ ಕೀಲಿಕೈ ಕಳೆಯುತ್ತಾರೆ. ನನ್ನ ನಾಟಕಕ್ಕೆ ಗಂಡನನ್ನೇ ರಾಜ ಮಾಡಿದ್ದು ಯಾವ ಗಳಿಗೆಯಲ್ಲೋ.

ರಾಣಿ ಪಾತ್ರ ಎದುರು ಮನೆಯ ಸೊಸೆ ಪೂನಮಳದು. ಚೊಕ್ಕ ಕನ್ನಡ ಮಾತಾಡುತ್ತಾಳೆ, ಓದಲು ಬರದು. ಸಂಭಾಷಣೆ ಎಲ್ಲ ಮರಾಠಿ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ. ಅದರಲ್ಲಿ ಒ, ಓ ಎರಡೂ ಒಂದೇ. "ದೊರೆ" ಹೋಗಿ "ದೋರೆ" ಆಯಿತು. ಮರಾಠಿಯಲ್ಲಿ ದೋರೆ ಅಂದರೆ ದಾರಗಳು. ನೂರು ಸಲ ತಿದ್ದಿದೆ.

"ಕಾಕೂ, ಸೊಲ್ಲಾಪುರ ನೂಲಿನ ಗಿರಣಿ ಊರು, ಇಲ್ಲಿ ದಾರಾ ಅಂದ್ರೂ ನಡೀತದರಿ," ಅಂತಾಳೆ. ಇವರು ಹೊಟ್ಟೆ ಹಿಡಿದು ನಕ್ಕರು. ನನಗೇನೂ ನಗು ಬರಲಿಲ್ಲ.

ನವೆಂಬರ್ ೧೬

ಫ್ರಾನ್ಸಿನ ಜನ ದಂಗೆಯೆದ್ದು ಕೋಟೆ ಕೆಡವಿದ ದಿನದ ದೃಶ್ಯ. ಊರಿಗೆ ಊರೇ ಎದ್ದು ಕೂತಿದೆ, ಆ ಪುಣ್ಯಾತ್ಮ ಲೂಯಿ ತನ್ನ ದಿನಚರಿಯಲ್ಲಿ ಬರೆದದ್ದು ಒಂದೇ ಶಬ್ದ — ಏನಿಲ್ಲ. ಬೇಟೆ ಸಿಗಲಿಲ್ಲ ಅಂತ. ಇವರು ಆ ಮಾತು ಏನು ಹೇಳಿದರು... ಎಲ್ಲರೂ ವಾಹ್ ಅಂದರು. ಅದನ್ನು ಕಲಿಸುವುದೇನಿದೆ? ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಯಾಕೆ ಸುಮ್ಮನೆ ಕೂತಿರಿ? ಏನಿಲ್ಲ. ಊಟಕ್ಕೆ ಏನು ಮಾಡಲಿ? ಏನಿಲ್ಲ.

ಕೊನೆಯ ಭಾಷಣಕ್ಕೆ ಬಂದಾಗ ಮಾತ್ರ ಎಡವಟ್ಟು. ತಲೆ ಕಡಿಯುವ ಗಿಲೊಟಿನ್ ಮುಂದೆ ರಾಜನ ಮಾತು, ಒಂದೂವರೆ ಪುಟ. ಬೇಕೆಂದವರು ಇವರೇ — "ರಾಜಾ ಅಂದಮ್ಯಾಲ ಸುಮ್ನ ಸಾಯ್ತಾನೇನು?" ಈಗ ಎರಡನೇ ಸಾಲು ದಾಟುತ್ತಿಲ್ಲ. ಓದುವುದಿಲ್ಲ, ಬರೀ ಪೇಪರು, ಚಹಾ. ಎಲ್ಲರ ಎದುರೇ ಬೈದೆ.

"ನಾಳೆ ಬಾಯಿಪಾಠ ಮಾಡ್ತೀನಿ," ಅಂದರು.

ನವೆಂಬರ್ ೧೭

ಮಾಡಲಿಲ್ಲ.

ಡಿಸೆಂಬರ್ ೧೧, ಸಂಜೆ

ಅಕ್ಕಲಕೋಟದ ನಾಟಕದ ಹಾಲ್ ನೋಡಿ ಬರ್ತೀನಿ ಅಂತ ಇವರು ಬೆಳಿಗ್ಗೆ ಎಸ್ಟಿ ಬಸ್ಸು ಹತ್ತಿದರು. ಹುಟ್ಟಿದಾಗಿನಿಂದ ಓಡಾಡಿದ ದಾರಿ. ಮಧ್ಯಾಹ್ನವಾದರೂ ಫೋನಿಲ್ಲ. ಫೋನು ಮನೆಯಲ್ಲೇ, ಹಾಸಿಗೆಯ ಮೇಲೆ.

ಅಕ್ಕಲಕೋಟದಲ್ಲಿ ಇಳಿಯದೆ ಹಾಗೇ ಮುಂದೆ ವಾಗದರಿಗೆ ಹೋಗಿದ್ದಾರೆ. ಅಲ್ಲಿ ಸ್ಟ್ಯಾಂಡಿನಲ್ಲಿ ಕೂತೇ ಇದ್ದರಂತೆ. ಚಹಾ ಅಂಗಡಿಯವನು ನಾಟಕದ ಹ್ಯಾಂಡಬಿಲ್ ನೋಡಿ, ಅದರಲ್ಲಿನ ಮುಖ ನೋಡಿ, "ಇವರು ಇದರಾಗಿನ ರಾಜಾ ಅಲ್ಲೇನು?" ಅಂತ ನಮ್ಮ ಗುರುಸಿದ್ಧನಿಗೆ ಸುದ್ದಿ ಮುಟ್ಟಿಸಿದ. ಗುರುಸಿದ್ಧ ಅದೇ ಊರಿನವ, ನಾಟಕಕ್ಕೆ ಹಲಗಿ ಬಾರಿಸುವವ. ಬೈಕಿನ ಮೇಲೆ ಕರೆತಂದು ಬಿಟ್ಟ.

ಲೂಯಿ ವೇಷ ಮರೆಸಿ ಓಡಿಹೋದಾಗಲೂ ನೋಟಿನ ಮೇಲಿನ ಮುಖದಿಂದಲೇ ಸಿಕ್ಕಿಬಿದ್ದ ಅನ್ನುತ್ತಾರೆ. ನಾನೇ ಬರೆದ ದೃಶ್ಯ. ಈಗ ಆ ಪುಟ ಮಡಚಿಟ್ಟೆ.

"ಯಾಕ ಇಳೀಲಿಲ್ರಿ?"

"ಏನಿಲ್ಲ. ಊರು ಗುರ್ತ ಹತ್ತಲಿಲ್ಲ."

ಡಿಸೆಂಬರ್ ೨೩

ಡಾಕ್ಟರು ಸ್ಕ್ಯಾನ್ ನೋಡಿದರು. ಮರೆವಿನ ಬೇನೆ. ಇನ್ನು ಹೆಚ್ಚಾಗುತ್ತಲೇ ಹೋಗುವುದಂತೆ, ಗುಳಿಗೆ ಬರೀ ತಡೆಯಲಿಕ್ಕೆ. ಆಟೋದಲ್ಲಿ ಇವರೇ ನನಗೆ ಸಮಾಧಾನ ಹೇಳಿದರು. ಇನ್ನೂ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ.

ಹೆದರಿಕೆ ಆಗಿದೆ. ಬರೆದುಬಿಟ್ಟೆ.

ಡಿಸೆಂಬರ್ ೨೮

ನಾಟಕ ಮಂಡಳಿಯ ಸೆಕ್ರೆಟರಿ ಯೋಗಿರಾಜ ಬಂದಿದ್ದ. ಪೇಢೆ ಡಬ್ಬಿ ಬೇರೆ.

"ಕಾಕೂ, ತಪ್ಪು ತಿಳೀಬ್ಯಾಡ್ರಿ. ರಾಜಾನ ಬದಲಿ ಮಾಡೂಣು. ಮೀಟಿಂಗಿನ್ಯಾಗ ಎಲ್ಲಾರೂ ಹೂಂ ಅಂದಾರ. ಸ್ಟೇಜಿನ ಮ್ಯಾಲ ಹಂಗ ನಿಂತುಬಿಟ್ರ ಅವರಿಗೇ ಅಪಮಾನ."

ಫ್ರಾನ್ಸಿನಲ್ಲೂ ಮತ ಹಾಕಿಸಿಯೇ ರಾಜನನ್ನು ಮುಗಿಸಿದ್ದು. ಹಾಗಂತ ಅವನ ಮುಖಕ್ಕೇ ಅಂದೆ. ಆದರೆ ಅವನು ಹೇಳಿದ್ದು ಸುಳ್ಳಲ್ಲ, ಅದಕ್ಕೇ ಇಷ್ಟು ಉರಿ.

ಇವರು ಒಳಗಿಂದ ಕೇಳಿಸಿಕೊಂಡಿದ್ದಾರೆ. ಅವನು ಹೋದ ಮೇಲೆ ಬಂದು ಕೂತರು. "ಇದೊಂದು ಮಾಡಿಬಿಡ್ತೀನಿ ದ್ವಾರಕಾ. ಮುಂದ ಕೇಳೂದಿಲ್ಲ. ಮಂದೀ ಮುಂದ ತಲಿ ತಗ್ಗಸೂಹಂಗ ಮಾಡಬ್ಯಾಡ ಅಷ್ಟ."

ಪೇಢೆ ತಿಂದರು. ಯಾರು ತಂದದ್ದು ಅಂತ ಕೇಳಿದರು.

ಜನವರಿ ೬

ಮತ್ತೆ ಇತಿಹಾಸದ ಪುಸ್ತಕ ತೆಗೆದೆ. ಅದರಲ್ಲೇ ಇದೆ. ನಾನೇ ಬೇಕಂತ ಬಿಟ್ಟಿದ್ದೆ. ಲೂಯಿ ಸಾಯುವ ಮುಂಚೆ ಮಾತು ಶುರು ಮಾಡಿದ, ನಾನು ತಪ್ಪಿತಸ್ಥನಲ್ಲ ಅಂದ, ನಿಮ್ಮನ್ನೆಲ್ಲ ಕ್ಷಮಿಸಿದ್ದೇನೆ ಅಂದ... ಅಷ್ಟರಲ್ಲಿ ಸೈನಿಕರು ನಗಾರಿ ಬಾರಿಸಿದರು. ಮುಂದಿನದು ಜನರಿಗೆ ಕೇಳಲೇ ಇಲ್ಲ.

ಒಂದೂವರೆ ಪುಟ ಗೀಟು ಹಾಕಿ ಹೊಡೆದೆ. ಇಡೀ ನಾಟಕದಲ್ಲಿ ನನಗೆ ಹಿಡಿಸಿದ ಪುಟ ಅದೊಂದೇ ಇತ್ತು, ಅದೂ ಹೋಯಿತು.

ಗುರುಸಿದ್ಧನಿಗೆ ಹೇಳಿದೆ — ನನ್ನ ಕೈ ನೋಡುತ್ತಿರು. ಎತ್ತಿದ ಕೂಡಲೇ ಹಲಗಿ. ಒಂದು ಮಾತಿಗಾಗಲಿ, ಅರ್ಧ ಮಾತಿಗಾಗಲಿ.

"ಕಾಕಾರಿಗೆ ಗೊತ್ತೇನ್ರಿ?" ಅಂದ. ಇಲ್ಲ ಅಂದೆ.

ಜನವರಿ ೨೫, ಬೆಳಿಗ್ಗೆ

ನಿನ್ನೆ ಅಕ್ಕಲಕೋಟದಲ್ಲಿ ಪ್ರಯೋಗ ಮುಗಿಯಿತು. ಮೈಕು ಕೈಕೊಟ್ಟಿತು. ಪೂನಮ ತುಂಬಿದ ಸಭೆಯಲ್ಲಿ "ನನ್ನ ದೋರೆ" ಅಂದಳು, ಜನ ಕೇಕೆ ಹಾಕಿದರು. ಇವರು ನಗದೆ ಅವಳ ತಲೆ ಸವರಿದರು. ನಾನು ಬರೆಯದ್ದು. ಚೆನ್ನಾಗಿತ್ತು.

ಕೊನೆಗೆ ಗಿಲೊಟಿನ್. ಇವರು ಮೆಟ್ಟಿಲು ಹತ್ತಿದರು, ಬೆನ್ನು ನೆಟ್ಟಗೆ. "ನಾನು ತಪ್ಪಿತಸ್ಥನಲ್ಲ." ಕೊನೇ ಸಾಲಿನವರೆಗೆ ಕೇಳಿತು. "ನಿಮ್ಮನ್ನೆಲ್ಲ..." ಅಲ್ಲಿ ನಿಂತರು. ಸಭೆಯ ಕಡೆ ನೋಡಿದರು. ಆಮೇಲೆ ಪಕ್ಕದ ಪರದೆಯ ಹಿಂದೆ ನಿಂತ ನನ್ನ ಕಡೆ. ಬಾಯಿ ತೆರೆದರು.

ಕೈ ಎತ್ತಿದೆ. ಗುರುಸಿದ್ಧ ಹಲಗಿ ಬಾರಿಸಿದ ನೋಡು, ಎದೆ ನಡುಗುವ ಹಾಗೆ. ಆ ಸದ್ದಿನಲ್ಲಿ ಇವರ ತುಟಿ ಆಡುತ್ತಿದ್ದದ್ದು ಮಾತ್ರ ಜನರಿಗೆ ಕಂಡಿತು. ದೀಪ ಆರಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಯೋಗಿರಾಜ ಬಂದು ಇವರ ಕಾಲು ಮುಟ್ಟಿದ.

ತುಟಿ ಆಡಿದ್ದು ನನಗೆ ಓದಲು ಬಂತು. ಇಷ್ಟು ವರ್ಷ ಜೊತೆಗಿದ್ದ ಮೇಲೆ ಬರದೆ ಏನು? ಅಂದದ್ದು — "ಮುಂದ ಏನು, ದ್ವಾರಕಾ?"

ಜನವರಿ ೨೬

ಇವತ್ತು ಕೀಲಿಕೈ ಮೊಳೆಯ ಮೇಲೇ ಇತ್ತು. ಆಶ್ಚರ್ಯ. ಚಹಾ ಕೊಟ್ಟು ಬಂದು ಬರೆಯಲು ಕೂತೆ.

"ನಾಟಕದಾಗ ಕಡೀಕ ನಾ ಏನಂದೆ?" ಅಂತ ಒಳಗಿಂದ ಕೇಳಿದರು.

"ಎಲ್ಲಾ ಬರೋಬ್ಬರಿ ಅಂದ್ರಿ."

ಲೋಟ ಕೆಳಗಿಟ್ಟ ಸದ್ದು. ಈಗ ಮತ್ತೆ ಕರೆಯುತ್ತಿದ್ದಾರೆ.

"ಚಾ ಕುಡದೆ. ಮುಂದ ಏನು, ದ್ವಾರಕಾ?"

ಇಲ್ಲಿ ಗುರುಸಿದ್ಧ ಇಲ್ಲ. ನಾನೇ ಎದ್ದು ಹೋಗಿ ಹೇಳಬೇಕು. ಮೊದಲು ಸ್ನಾನ ಅನ್ನಬೇಕು, ಆಮೇಲೆ ಗುಳಿಗೆ, ಆಮೇಲೆ...