ಕಾಲೂರಿದ ಸುದ್ದಿ

ಹಲಸೂರು
೬-೯-೧೯೭೧

ಚಿ. ಸೌ. ಸೀತಾಲಕ್ಷ್ಮಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದ ಬಂದು ಎಷ್ಟೋ ದಿನವಾದರೂ ಉತ್ತರ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ ಕಣೇ. ಮುರಿದದ್ದು ಕಾಲು, ಕೈಗೇನೂ ಆಗಿರಲಿಲ್ಲ. ಬರೆಯಲು ಮನಸ್ಸೇ ಬರಲಿಲ್ಲ.

ಪ್ಲಾಸ್ಟರ್ ಬಿಚ್ಚಿದಾಗಲೇ ಡಾಕ್ಟರು ಕೋಲು ಹಿಡಿದು ನಡೆಯಿರಿ ಅಂದಿದ್ದರು. ಆದರೆ ನಿನ್ನ ಅಣ್ಣ ನಾಣಿಯ ಪ್ರೀತಿ ಗೊತ್ತಲ್ಲ! "ಅಮ್ಮ ನೆಲಕ್ಕೆ ಕಾಲಿಡಕೂಡ್ದು" ಅಂತ ಹೆಂಡತಿಗೆ ಅಪ್ಪಣೆ ಮಾಡಿ ಫ್ಯಾಕ್ಟರಿಗೆ ಹೋಗುತ್ತಿದ್ದ. ಪಾಪ ಶಾಂತಕುಮಾರಿ, ಮುಖ ತೊಳೆಯುವ ನೀರನ್ನೂ ಹಾಸಿಗೆಗೇ ತಂದಳು. ಹುರುಳಿಕಾಯಿ ಬಿಡಿಸಿಕೊಡ್ತೀನಿ ಕೊಡೇ ಅಂದರೆ, "ಸುಮ್ನೆ ಮಲಗೀಮ್ಮ" ಅಂದುಬಿಟ್ಟಳು. ತೊಟ್ಟಿಲ ಕೂಸಾದೆ ಅಂದುಕೋ.

ಮೊನ್ನೆ ಮತ್ತೆ ಎಕ್ಸರೇ ತೆಗೆಸಿದರು. ಶಿವಾಜಿನಗರದ ಡಾಕ್ಟರಮ್ಮ ಫಹ್ಮಿದಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದವರೇ ನಾಣಿಯ ಕಡೆ ತಿರುಗಿದರು.

"ಏನ್ರೀ, ಅಮ್ಮನ್ನ ನಡೆಸ್ತಾ ಇಲ್ವಾ? ಮುರಿದಿದ್ದು ಕೂಡಿದೆ, ಆದ್ರೆ ಮೂಳೆ ಸವೆದಿದೆ ನೋಡಿ."

"ಇನ್ನೂ ಗಟ್ಟಿಯಾಗ್ಲಿ ಅಂತ ರೆಸ್ಟ್ ಕೊಟ್ಟಿದ್ವಿ ಡಾಕ್ಟ್ರೇ" ಎಂದು ನಾಣಿ ತಲೆ ಕೆರೆದುಕೊಂಡ.

ಆಕೆ ನನಗೆ ತಿಳಿಯುವ ಹಾಗೆ ಹೇಳಿದರು. ಮೂಳೆ ಕಲ್ಲಲ್ಲವಂತೆ, ಅದರೊಳಗೆ ಜೀವಕಣಗಳಿವೆಯಂತೆ. ಕೆಲವು ಹಳೆಯ ಮೂಳೆಯನ್ನು ಕರಗಿಸುತ್ತವೆ, ಕೆಲವು ಹೊಸದು ಕಟ್ಟುತ್ತವೆ. ಕಾಲೂರಿದಾಗ ಭಾರ ಬಿತ್ತು ಅನ್ನುವ ಸುದ್ದಿ ಒಂದರಿಂದ ಒಂದಕ್ಕೆ ಮುಟ್ಟಿ, ಕಟ್ಟುವವು ಕೆಲಸಕ್ಕೆ ಏಳುತ್ತವೆ. ಭಾರವೇ ಬೀಳದಿದ್ದರೆ ಸುದ್ದಿ ಎಲ್ಲಿಯದು? ಕರಗಿಸುವವು ತಮ್ಮ ಪಾಡಿಗೆ ಕರಗಿಸುತ್ತಲೇ ಇರುತ್ತವೆ.

"ಆ ಸುದ್ದಿ ಹೇಗೆ ಹೋಗುತ್ತಮ್ಮ?" ಅಂದೆ.

"ಅದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ, ಹುಡುಕ್ತಾ ಇದಾರೆ" ಎಂದು ನಕ್ಕರು. ಗೊತ್ತಿಲ್ಲ ಅನ್ನಲು ನಾಚದ ಡಾಕ್ಟರನ್ನು ನಾನು ಕಂಡದ್ದು ಇದೇ ಮೊದಲು.

ಮನೆಗೆ ಬಂದವಳೇ ಕೋಲು ಹಿಡಿದು ಅಡುಗೆಮನೆಯವರೆಗೆ ನಡೆದೆ. ನೋವಾಯಿತು, ಸುಳ್ಳು ಹೇಳುವುದಿಲ್ಲ. ಶಾಂತ ಕಣ್ಣೊರೆಸಿಕೊಂಡು ಹುರುಳಿಕಾಯಿಯ ಮೊರವನ್ನು ನನ್ನ ಮುಂದೆ ಇಟ್ಟಳು. ಇವತ್ತು ಹಿತ್ತಿಲವರೆಗೂ ಹೋಗಿ ಬಂದೆ.

ನಿನಗೆ ಏಳು ತಿಂಗಳು ತುಂಬುತ್ತಾ ಬಂತು. ಮೆಟ್ಟಿಲು ನಿಧಾನವಾಗಿ ಇಳಿ. ಅಳಿಯಂದಿರಿಗೂ ನಿಮ್ಮತ್ತೆಯವರಿಗೂ ನನ್ನ ನೆನಪು ತಿಳಿಸು. ಸುಖವಾಗಿ ಹೆತ್ತು ತಣ್ಣಗಿರು ಮಗಳೇ.

ಇಂತಿ ನಿನ್ನ ಅಮ್ಮ,
ಅಮ್ಮಣ್ಣಿ

ತಾ.ಕ.: ಇದನ್ನು ಬರೆಯದೆಯೇ ಕಾಗದ ಮಡಿಸುತ್ತಿದ್ದೆ. "ನಿನ್ನ ಕಾಲಿಗೆ ಶ್ರಮ ಬೇಡಮ್ಮ, ಬಾಣಂತನ ಇಲ್ಲೇ ಅತ್ತೆ ಮಾಡ್ತಾರೆ" ಅಂತ ಬರೆದಿದ್ದೀಯಲ್ಲ, ಕಾಲು ಮುರಿದಾಗಲೂ ನಾನು ಅಷ್ಟು ಅತ್ತಿರಲಿಲ್ಲ ಸೀತಾ. ಚೊಚ್ಚಲ ಬಾಣಂತನ ತವರಿನದಲ್ಲವೇನೇ? ನಿಮ್ಮಪ್ಪ ಹೋದಮೇಲೆ ಎಲ್ಲರೂ ನನಗೆ ಕೂತುಕೋ, ಮಲಗಿಕೋ ಅನ್ನುವವರೇ. ಯಾರಿಗೂ ನನ್ನಿಂದ ಏನೂ ಬೇಕಿಲ್ಲ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವಷ್ಟರಲ್ಲಿ ಈ ಕಾಲು ಗಟ್ಟಿಯಾಗಿರುತ್ತೆ. ಬಂದುಬಿಡೇ, ನನ್ನ ಮೇಲೆ ಭಾರ ಹಾಕು.